ಸಣ್ಣ ಊರಿನ ಹಳೇ ಸಾಮಾನಿನ ಅಂಗಡಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಣ್ಣ ಮಾಸಿದ ಕಪಾಟು, ಮಸುಕಾದ ಕನ್ನಡಿ, ಯಾರೋ ಕೂತು ಕಸೂತಿ ಹಾಕಿದ ಬಟ್ಟೆ. ಇಂಥವನ್ನು ಸಣ್ಣ ಊರುಗಳ ಪುಟ್ಟ ಅಂಗಡಿಗಳಲ್ಲಿ ಹುಡುಕುವುದು ನನ್ನ ಬಹಳ ವರ್ಷಗಳ ಪ್ರೀತಿ. ಮನೆಗೆ ಬಂದವರು ಕೇಳಿದ್ದು, ಪತ್ರ ಬರೆದು ಕೇಳಿದ್ದು, ಅಂಗಡಿಯಲ್ಲೇ ಪಕ್ಕದಲ್ಲಿ ನಿಂತವರು ಕೇಳಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಕಣ್ಣು ಪಳಗಿದವರಿಗೆ.

## ಹೊರಡುವ ಮುಂಚೆ

ಶ್ಯಾಬಿ ಚಿಕ್ ಅಂದರೆ ಏನು? ಬಣ್ಣ ಕಿತ್ತುಹೋದ ಸಾಮಾನಿಗೆಲ್ಲಾ ಆ ಹೆಸರು ಇಟ್ಟುಬಿಡೋದಾ?

ಅಲ್ಲ. ಸವೆದಿದ್ದರೂ ಅಂದವಾಗಿರಬೇಕು, ಬಳಸುವ ಹಾಗಿರಬೇಕು. ತಿಳಿ ಬಣ್ಣದ ಮರ, ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ, ಸಣ್ಣ ಹೂವಿನ ಚಿತ್ತಾರ, ಅಂಚಿನಲ್ಲಿ ಬಣ್ಣ ಸವೆದು ಒಳಗಿನ ಮರ ಕಾಣುವ ಕುರ್ಚಿ, ಇವೆಲ್ಲ ಈ ಶೈಲಿಯ ಗುರುತು. ಈ ಹೆಸರು ಜನರ ಬಾಯಲ್ಲಿ ನಿಂತಿದ್ದು ಬ್ರಿಟನ್ ಮೂಲದ ರೇಚಲ್ ಆಶ್‌ವೆಲ್ ಅವರಿಂದ. ಅವರು 1989ರಲ್ಲಿ ಅಮೆರಿಕದ ಸಾಂಟಾ ಮೋನಿಕಾದಲ್ಲಿ ಇದೇ ಹೆಸರಿನ ಅಂಗಡಿ ತೆರೆದರು. ಹಳೆಯ ಸೋಫಾಗಳಿಗೆ ಬಿಚ್ಚಿ ಒಗೆಯಬಹುದಾದ ಸಡಿಲ ಹೊದಿಕೆ ಹಾಕುವುದು ಆಗ ಜನಪ್ರಿಯವಾಯಿತು. ಮಕ್ಕಳು ಹತ್ತಿ ಕುಣಿದರೂ ಪರವಾಗಿಲ್ಲ ಅನ್ನುವ ಮನೆಗೆ ಹೊಂದುವ ಶೈಲಿ ಇದು. ನನಗೆ ಇಷ್ಟವಾಗಿದ್ದೇ ಆ ಕಾರಣಕ್ಕೆ.

ಆಂಟಿಕ್, ವಿಂಟೇಜ್, ರೆಟ್ರೋ ಮೂರೂ ಒಂದೇ ಅಲ್ವಾ?

ಬೇರೆ ಬೇರೆ. ಸಾಮಾನ್ಯವಾಗಿ ನೂರು ವರ್ಷ ದಾಟಿದ್ದಕ್ಕೆ ಆಂಟಿಕ್ ಅನ್ನುತ್ತಾರೆ. ಅಮೆರಿಕದ ಕಸ್ಟಮ್ಸ್ ನಿಯಮವೂ ಅದೇ ನೂರರ ಲೆಕ್ಕ ಹಿಡಿಯುತ್ತದೆ. ವಿಂಟೇಜ್‌ಗೆ ಅಷ್ಟು ಗಟ್ಟಿ ಗೆರೆ ಇಲ್ಲ. ಎಟ್ಸಿ ಮಾರಾಟ ತಾಣದಲ್ಲಿ ಕನಿಷ್ಠ 20 ವರ್ಷ ಹಳೆಯದಾಗಿರಬೇಕು. ರೆಟ್ರೋ ಅಂದರೆ ಹಳೇ ಕಾಲದ ರೂಪ ಇರುವ ವಸ್ತು. ಅದು ಹೋದ ತಿಂಗಳು ಮಾಡಿದ್ದೂ ಆಗಿರಬಹುದು. ಚೀಟಿಯ ಮೇಲೆ "ವಿಂಟೇಜ್ ಸ್ಟೈಲ್" ಅಂತ ಬರೆದಿದ್ದರೆ ಆ ಎರಡನೇ ಪದ ನೋಡಿ. ಅದು ಹೊಸದು.

ಕೂತಲ್ಲೇ ಫೋನಿನಲ್ಲಿ ಸಿಗುತ್ತೆ. ಅಷ್ಟು ದೂರ ಯಾಕೆ ಹೋಗಬೇಕು?

ಫೋಟೋದಲ್ಲಿ ವಾಸನೆ ಬರುವುದಿಲ್ಲ. ಕುರ್ಚಿ ಅಲ್ಲಾಡುತ್ತದೋ ಇಲ್ಲವೋ ಕಾಣುವುದಿಲ್ಲ. ಡ್ರಾಯರ್ ಎಳೆದಾಗ ಕೈಗೆ ಏನು ತಿಳಿಯುತ್ತದೋ ಅದನ್ನು ಯಾವ ಪರದೆಯೂ ಹೇಳಲ್ಲ. ಇನ್ನೊಂದು ಮುಖ್ಯ ಕಾರಣ ಅಂಗಡಿಯವರು. ಸಣ್ಣ ಊರಿನ ಅಂಗಡಿಯಲ್ಲಿ ಬಹಳ ಸಲ ಸಾಮಾನು ಕೊಂಡು ತಂದವರೇ ನಿಮ್ಮ ಮುಂದೆ ನಿಂತಿರುತ್ತಾರೆ. ಅದು ಯಾರ ಮನೆಯ ಯಾವ ಕೋಣೆಯಲ್ಲಿತ್ತು, ಎಲ್ಲಿ ರಿಪೇರಿ ಆಗಿದೆ ಅಂತ ಅವರಿಗೆ ಗೊತ್ತು. ಕೇಳಿದರೆ ಹೇಳುತ್ತಾರೆ. ಹಳೇ ಸಾಮಾನಿನ ಅರ್ಧ ಬೆಲೆ ಆ ಕಥೆಯಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಹೋಗುವಾಗ ಏನೇನು ತೆಗೆದುಕೊಂಡು ಹೋಗಲಿ?

ಅಳತೆ ಟೇಪು, ಸಣ್ಣ ಟಾರ್ಚು, ಒಂದು ಅಯಸ್ಕಾಂತ. ಜೊತೆಗೆ ಹಳೆಯ ಕಂಬಳಿ ಮತ್ತು ಹಗ್ಗ, ಸಾಮಾನು ಗಾಡಿಯಲ್ಲಿ ಉಜ್ಜದಿರಲಿ ಅಂತ. ಇವುಗಳಿಗಿಂತ ಮುಖ್ಯ, ಫೋನಿನಲ್ಲಿ ಬರೆದಿಟ್ಟ ಅಳತೆಗಳು: ಸಾಮಾನು ಇಡುವ ಜಾಗದ ಉದ್ದ, ಅಗಲ, ಎತ್ತರ. ಮನೆಯ ಬಾಗಿಲಿನ ಅಗಲ. ಮೆಟ್ಟಿಲು ತಿರುಗುವ ಕಡೆಯ ಅಗಲ. ಗಾಡಿಯ ಹಿಂಬಾಗಿಲಿನ ಅಗಲ. ಮೇಜು ಕೊಳ್ಳುವುದಾದರೆ ಇನ್ನೂ ಒಂದು ಅಳತೆ ನೆನಪಿಡಿ. ಊಟದ ಮೇಜು ಸಾಧಾರಣ 72ರಿಂದ 76 ಸೆಂ.ಮೀ. ಎತ್ತರ ಇರುತ್ತದೆ, ಕುರ್ಚಿಯ ಕೂರುವ ಹಲಗೆ 43ರಿಂದ 46. ಹಳೆಯ ಸಾಮಾನಿನ ಕಾಲು ಎಷ್ಟೋ ಸಲ ತುದಿ ಕೊಳೆತು ಕತ್ತರಿಸಿರುತ್ತಾರೆ. ಕಣ್ಣಿಗೆ ಸರಿ ಕಂಡರೂ ಕೂತಾಗ ಮೊಣಕಾಲು ತಾಗುತ್ತದೆ.

ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ವಾರದ ನಡುವೆ, ಬೆಳಗ್ಗೆ. ಜನ ಕಡಿಮೆ ಇದ್ದರೆ ಅಂಗಡಿಯವರು ನಿಂತು ಮಾತಾಡುತ್ತಾರೆ, ಹಗಲು ಬೆಳಕಿನಲ್ಲಿ ಬಣ್ಣವೂ ಸರಿಯಾಗಿ ಕಾಣುತ್ತದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಸಣ್ಣ ಅಂಗಡಿಯವರು ಸಾಮಾನು ತರಲು ಹೋದ ದಿನ ಬಾಗಿಲು ಹಾಕಿರುತ್ತಾರೆ.

## ಅಂಗಡಿಯೊಳಗೆ

ಅಂಗಡಿಯವರ ಹತ್ತಿರ ಏನು ಕೇಳಬೇಕು ಅಂತಲೇ ಗೊತ್ತಾಗಲ್ಲ. ಪ್ರಶ್ನೆ ಕೇಳಿದರೆ ಅನುಮಾನ ಪಟ್ಟ ಹಾಗಾಗಲ್ವಾ?

ಆಗುವುದಿಲ್ಲ. ತಾವು ತಂದ ಸಾಮಾನಿನ ಬಗ್ಗೆ ಯಾರಾದರೂ ಕೇಳಿದರೆ ಅವರಿಗೆ ಖುಷಿಯೇ. ನಾನು ನಾಲ್ಕು ಮಾತು ಕೇಳುತ್ತೇನೆ. ಇದು ಎಲ್ಲಿಂದ ಬಂತು? ನೀವು ಇದಕ್ಕೆ ಏನೇನು ಮಾಡಿದ್ದೀರಿ? ಯಾವುದನ್ನಾದರೂ ಬದಲಾಯಿಸಿದ್ದೀರಾ, ಹಿಡಿ, ಕಾಲು, ಗಾಜು? ಇದು ನಿಮ್ಮದೇ ಸಾಮಾನಾ, ಬೇರೆಯವರು ಮಾರಲು ಇಟ್ಟಿದ್ದಾ? ಕೊನೆಯ ಪ್ರಶ್ನೆ ಯಾಕೆಂದರೆ ಕೆಲವು ಅಂಗಡಿಗಳಲ್ಲಿ ಹತ್ತಾರು ಜನರ ಸಾಮಾನು ಒಂದೇ ಸೂರಿನಡಿ ಇರುತ್ತದೆ. ಆಗ ಬೆಲೆ ಇಳಿಸುವುದು ಕೌಂಟರಿನಲ್ಲಿ ಕೂತವರ ಕೈಯಲ್ಲಿ ಇರುವುದಿಲ್ಲ.

"ಗೊತ್ತಿಲ್ಲ" ಅಂತ ನೇರವಾಗಿ ಹೇಳುವ ಅಂಗಡಿಯವರನ್ನು ಬಿಡಬೇಡಿ. ಪ್ರತಿಯೊಂದಕ್ಕೂ ನೂರೈವತ್ತು ವರ್ಷ ಅನ್ನುವವರಿಗಿಂತ ಅವರನ್ನು ನಂಬಬಹುದು.

ಚೌಕಾಸಿ ಮಾಡಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಕೇಳುವ ರೀತಿ ಮುಖ್ಯ. "ಇಷ್ಟು ಹಳೇ ಗುಜರಿಗೆ ಇಷ್ಟಾ?" ಅಂದರೆ ಯಾರಿಗಾದರೂ ನೋವಾಗುತ್ತದೆ. ಆ ಸಾಮಾನನ್ನು ಹುಡುಕಿ, ಹೊತ್ತು, ತೊಳೆದು, ಕೀಲು ಬಿಗಿ ಮಾಡಿ ಇಟ್ಟವರು ಅವರು. "ಸ್ವಲ್ಪ ಕಡಿಮೆ ಆಗುತ್ತಾ?" ಅಂತ ಒಂದು ಸಲ ಕೇಳಿ. ಎರಡು ಮೂರು ವಸ್ತು ಒಟ್ಟಿಗೆ ತೆಗೆದುಕೊಂಡರೆ ಅವರಾಗಿಯೇ ಇಳಿಸುವುದು ಜಾಸ್ತಿ. ದೋಷ ಕಂಡಿದ್ದರೆ ತೋರಿಸಿ ಮಾತಾಡಿ. ಇಲ್ಲದ ದೋಷ ಹುಡುಕಬೇಡಿ.

ನಿಜವಾಗಿ ಹಳೆಯದಾ, ಹಳೆಯದರ ಹಾಗೆ ಮಾಡಿದ್ದಾ? ನೋಡಿದರೆ ಹೇಗೆ ಗೊತ್ತಾಗುತ್ತೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಮುಂಭಾಗ ನೋಡುವುದನ್ನು ಬಿಟ್ಟು ಹಿಂಭಾಗ ನೋಡಿ. ಅಲಂಕಾರ ಎಲ್ಲಾ ಮುಂದೆ ಇರುತ್ತದೆ, ನಿಜ ಎಲ್ಲಾ ಹಿಂದೆ ಮತ್ತು ಅಡಿಯಲ್ಲಿ ಇರುತ್ತದೆ.

ಮೊದಲು ಸವೆತ. ಕೈ, ಕಾಲು, ಬಟ್ಟೆ ತಾಗುವ ಕಡೆ ಮಾತ್ರ ಸವೆಯಬೇಕು. ಡ್ರಾಯರಿನ ಹಿಡಿಯ ಸುತ್ತ, ಕುರ್ಚಿಯ ಕೈಯ ತುದಿ, ಕಾಲಿಡುವ ಅಡ್ಡಪಟ್ಟಿಯ ಮೇಲ್ಭಾಗ. ಆ ಅಡ್ಡಪಟ್ಟಿ ಕೆಳಗಡೆಯಿಂದಲೂ ಅಷ್ಟೇ ಸವೆದಿದ್ದರೆ ಅದು ಸ್ಯಾಂಡ್ ಪೇಪರಿನ ಕೆಲಸ. ಯಾರೂ ಕಾಲನ್ನು ಅಡಿಯಿಂದ ಉಜ್ಜುವುದಿಲ್ಲ ಅಲ್ವಾ?

ಆಮೇಲೆ ಡ್ರಾಯರನ್ನು ಪೂರ್ತಿ ಹೊರಗೆ ಎಳೆಯಿರಿ. ಮೂಲೆಯಲ್ಲಿ ಎರಡು ಹಲಗೆ ಬೆರಳುಗಳ ಹಾಗೆ ಹೆಣೆದುಕೊಂಡಿರುತ್ತವೆ. ಆ ಹೆಣಿಗೆಯ ಹಲ್ಲುಗಳು ಒಂದು ದಪ್ಪ, ಒಂದು ಸಣ್ಣ ಆಗಿದ್ದರೆ ಬಡಗಿ ಕೈಯಿಂದ ಕತ್ತರಿಸಿದ್ದು. ಎಲ್ಲವೂ ಒಂದೇ ಅಳತೆ ಇದ್ದರೆ ಯಂತ್ರದ್ದು. ಯಂತ್ರದ್ದೂ ನೂರು ವರ್ಷ ಹಳೆಯದಿರಬಹುದು. ಹಲ್ಲೇ ಇಲ್ಲದೆ ಪಿನ್ನು ಹೊಡೆದು ಅಂಟಿಸಿದ್ದರೆ ಅದು ಅಗ್ಗದ ಕೆಲಸ, ಬಹುಶಃ ಇತ್ತೀಚಿನದು.

ತಿರುಪು ನೋಡಿ. ತಲೆಯ ಮೇಲೆ ನಕ್ಷತ್ರದ ಹಾಗೆ ಅಡ್ಡ ಉದ್ದ ಎರಡು ಗೀರು ಇರುವ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಒಂದೆರಡು ಅಂಥವು ಇದ್ದರೆ ಯಾರೋ ರಿಪೇರಿ ಮಾಡಿರಬಹುದು. ಎಲ್ಲವೂ ಅದೇ ಆಗಿದ್ದು, ಹಳೆಯ ತೂತಿನ ಗುರುತೂ ಇಲ್ಲದಿದ್ದರೆ ನೂರು ವರ್ಷ ಅನ್ನುವ ಮಾತು ನಿಲ್ಲುವುದಿಲ್ಲ.

ದುಂಡು ಮೇಜಿದ್ದರೆ ಟೇಪು ಹಿಡಿದು ಎರಡು ಕಡೆಯಿಂದ ಅಳೆಯಿರಿ, ಮರದ ಎಳೆಯ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಮರ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಹಾಗಾಗಿ ಗಟ್ಟಿಮರದ ಹಳೆಯ ದುಂಡು ಮೇಜು ಪೂರ್ತಿ ದುಂಡಗೆ ಉಳಿದಿರುವುದಿಲ್ಲ. ಕೆಲವು ಮಿಲಿಮೀಟರ್ ವ್ಯತ್ಯಾಸ ಕಂಡರೆ ನನಗೆ ಖುಷಿಯಾಗುತ್ತದೆ.

ಹೊಸದನ್ನು ಉಜ್ಜಿ ಹಳೆಯದರ ಹಾಗೆ ಮಾಡಿದ್ದರೆ ಕೊಳ್ಳಲೇಬಾರದಾ?

ಕೊಳ್ಳಬಹುದು. ಇಷ್ಟವಾದರೆ, ಗಟ್ಟಿ ಇದ್ದರೆ, ಹೊಸದು ಅಂತ ಹೇಳಿ ಹೊಸದರ ಬೆಲೆಗೆ ಕೊಟ್ಟರೆ ಅದರಲ್ಲಿ ತಪ್ಪೇನಿಲ್ಲ. ಹಳೆಯದು ಅಂತ ಸುಳ್ಳು ಹೇಳಿ ಮಾರುವುದು ಮಾತ್ರ ಮೋಸ.

ಕಪಾಟಿನ ತುಂಬಾ ಸೂಜಿ ಚುಚ್ಚಿದ ಹಾಗೆ ತೂತು. ಹುಳ ಇನ್ನೂ ಒಳಗೆ ಇದೆಯಾ?

ತೂತು ಇದ್ದ ಮಾತ್ರಕ್ಕೆ ಹುಳ ಇದೆ ಅಂತಲ್ಲ. ಒಂದೆರಡು ಮಿಲಿಮೀಟರ್ ಅಗಲದ ಆ ತೂತು ಬೆಳೆದ ಹುಳ ಹೊರಗೆ ಹೋದ ದಾರಿ. ಅದು ಎಷ್ಟೋ ವರ್ಷ ಹಿಂದೆ ಆಗಿರಬಹುದು. ಟಾರ್ಚು ಬಿಟ್ಟು ನೋಡಿ. ತೂತಿನ ಅಂಚು ಚೂಪಾಗಿ, ಒಳಗಿನ ಮರ ತಿಳಿ ಬಣ್ಣದಲ್ಲಿ ಕಂಡು, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಇನ್ನೂ ಇದೆ. ಅಂಚು ಮಾಸಿ, ಒಳಗೆ ಕೊಳೆ ಕೂತಿದ್ದರೆ ಹಳೆಯ ಕಥೆ. ಅನುಮಾನ ಇದ್ದರೆ ಸಾಮಾನಿನ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬೇರೆ ಕಡೆ ಇಡಿ. ಪುಡಿ ಬಿದ್ದರೆ ಕಾಗದದ ಮೇಲೆ ಕಾಣುತ್ತದೆ. ಸಣ್ಣ ಮರದ ವಸ್ತುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ತೇವ ಕೂರುತ್ತದೆ.

ಯಾವ ದೋಷ ಸರಿ ಮಾಡಬಹುದು, ಯಾವುದನ್ನು ನೋಡಿ ವಾಪಸ್ ಬಂದುಬಿಡಬೇಕು?

ಕೀಲು ಸಡಿಲ ಆಗಿದೆ, ಡ್ರಾಯರ್ ಬಿಗಿಯಾಗಿದೆ, ಹಿಡಿ ಒಂದು ಕಳೆದಿದೆ, ಮೇಲೆ ನೀರಿನ ಲೋಟದ ಬಿಳಿ ಗುರುತು ಇದೆ. ಇವೆಲ್ಲ ಸಣ್ಣ ಮಾತು. ಹಳೇ ಕಾಲದಲ್ಲಿ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟು ಬಳಸುತ್ತಿದ್ದರು. ಅದು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಹಳೆಯ ಕುರ್ಚಿಯನ್ನು ಬಿಚ್ಚಿ ಮತ್ತೆ ಜೋಡಿಸುವುದು ಬಡಗಿಗೆ ಸುಲಭ.

ವಾಪಸ್ ಬರಬೇಕಾದವು ಬೇರೆ. ಸೋಫಾದ ಒಳಗಿನ ಚೌಕಟ್ಟು ಮುರಿದಿದ್ದು. ಕಾಲು ಉದ್ದಕ್ಕೆ ಸೀಳಿದ್ದು. ತೇವ ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ (ಮರದ ಚೂರು, ಪುಡಿ ಅಂಟಿಸಿ ಒತ್ತಿದ ಹಲಗೆ), ಅದು ಮತ್ತೆ ಇಳಿಯುವುದಿಲ್ಲ. ಒತ್ತಿದರೆ ಬೆರಳು ಒಳಗೆ ಹೋಗುವಂತೆ ಕೊಳೆತ ಮರ. ದಿಂಬು, ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆ ಕಂಡರೆ ತಿಗಣೆ ಇರಬಹುದು, ಮುಟ್ಟಲೂ ಬೇಡಿ.

ನಾನು ಒಮ್ಮೆ ಸೋತಿದ್ದು ಹೀಗೆ. ತಿಳಿ ಹಸಿರು ಬಣ್ಣದ ಕಪಾಟು ಕಂಡು ಮನಸ್ಸು ಅಲ್ಲೇ ನಿಂತುಬಿಟ್ಟಿತು. ಹಿಂದಿನ ಹಲಗೆ ಗೋಡೆಗೆ ಆನಿಸಿತ್ತು. ಸರಿಸಿ ತೋರಿಸಿ ಅಂತ ಕೇಳಲು ಸಂಕೋಚ ಆಯಿತು. ಮನೆಗೆ ತಂದು ನೋಡಿದರೆ ಹಿಂಭಾಗ ಅರ್ಧ ಬೂಷ್ಟು ಹಿಡಿದು ಮೆತ್ತಗಾಗಿತ್ತು. ಆ ಕಪಾಟು ಕೊನೆಗೂ ಮನೆಯೊಳಗೆ ಬರಲಿಲ್ಲ. ಅಂದಿನಿಂದ ಸರಿಸಿ ತೋರಿಸಿ ಅಂತ ನಾನು ಕೇಳಿಯೇ ಕೇಳುತ್ತೇನೆ.

## ಪಿಂಗಾಣಿ, ಕನ್ನಡಿ, ಲೋಹ, ಬಟ್ಟೆ

ಹಳೇ ಪಿಂಗಾಣಿ ತಟ್ಟೆಯಲ್ಲಿ ದಿನಾ ಊಟ ಮಾಡಬಹುದಾ?

ಮೆರುಗಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಇದ್ದರೆ ಬೇಡ. ಆ ಬಿರುಕಿನ ಮೂಲಕ ಎಣ್ಣೆ, ನೀರು ಒಳಗಿನ ಮಣ್ಣಿಗೆ ಇಳಿಯುತ್ತದೆ, ಕಲೆ ಕೂರುತ್ತದೆ. ಜೊತೆಗೆ ಹಳೆಯ ಮೆರುಗಿನಲ್ಲಿ, ಮೇಲಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಹುಳಿ ಮತ್ತು ಬಿಸಿ ಪದಾರ್ಥ ಅದನ್ನು ಎಳೆದುಕೊಳ್ಳುತ್ತವೆ. ಗೋಡೆಗೆ ನೇತುಹಾಕಿ, ಉಂಗುರ, ಬೀಗದ ಕೈ ಇಡಲು ಬಳಸಿ. ಕೊಳ್ಳುವಾಗ ತಟ್ಟೆಯನ್ನು ಬೆರಳ ತುದಿಯಲ್ಲಿ ಇಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ಗಟ್ಟಿ. ಮೊಂಡು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳು ಎಲ್ಲೋ ಇರಬಹುದು.

ಕನ್ನಡಿಯ ಅಂಚಿನಲ್ಲಿ ಕಪ್ಪು ಚುಕ್ಕೆ ಇದೆ. ಗಾಜು ಬದಲಾಯಿಸಿಬಿಡಲಾ?

ದಯವಿಟ್ಟು ಬೇಡ. ಆ ಮಸುಕೇ ಅದರ ಚೆಲುವು. ಗಾಜಿನ ಹಿಂದೆ ಬೆಳ್ಳಿ ಲೇಪಿಸುವ ರಾಸಾಯನಿಕ ವಿಧಾನ ಕಂಡುಹಿಡಿದದ್ದು ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್, 1835ರಲ್ಲಿ. ಅದಕ್ಕೂ ಮೊದಲು ತವರ ಮತ್ತು ಪಾದರಸ ಸೇರಿಸಿ ಹಚ್ಚುತ್ತಿದ್ದರು. ತೇವ ತಾಗಿದ ಕಡೆ ಬೆಳ್ಳಿ ಕಪ್ಪಾಗುತ್ತದೆ. ತೀರಾ ಹಳೆಯ, ಪಾದರಸದ ಕನ್ನಡಿ ಅನ್ನಿಸಿದರೆ ಹಿಂಭಾಗ ಕೆರೆಯಬೇಡಿ, ಮಲಗುವ ಕೋಣೆಯಲ್ಲೂ ಇಡಬೇಡಿ.

ಹಿತ್ತಾಳೆ, ಬೆಳ್ಳಿ ಅಂತ ಹೇಳುತ್ತಾರೆ. ನಾನು ಹೇಗೆ ನೋಡಿಕೊಳ್ಳಲಿ?

ಅಯಸ್ಕಾಂತ ಹಿಡಿಯಿರಿ. ಗಟ್ಟಿ ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆಯ ಲೇಪ. ಬೆಳ್ಳಿಗೆ ಅಯಸ್ಕಾಂತ ಸಾಲದು, ಗುರುತು ಓದಬೇಕು. 925 ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಇ.ಪಿ.ಎನ್.ಎಸ್. ಅಂತ ಇದ್ದರೆ ನಿಕಲ್ ಮಿಶ್ರಲೋಹದ ಮೇಲೆ ತೆಳುವಾದ ಬೆಳ್ಳಿ ನೀರು. ಶ್ಯಾಬಿ ಚಿಕ್ ಮನೆಗೆ ಎರಡನೆಯದೂ ಚೆನ್ನಾಗಿಯೇ ಇರುತ್ತದೆ, ಬೆಳ್ಳಿಯ ಬೆಲೆ ಮಾತ್ರ ಕೊಡಬೇಡಿ.

ಹಳೇ ಲೇಸು, ಕಸೂತಿ ಮೇಜುಹಾಸು ಒಗೆದರೆ ಹರಿದುಹೋಗುತ್ತಾ?

ಬೆಳಕಿಗೆ ಹಿಡಿದು ನೋಡಿ. ಮಡಿಕೆ ಬಿದ್ದ ಗೆರೆಯಲ್ಲೇ ಬಟ್ಟೆ ಮೊದಲು ಸಾಯುವುದು. ಹತ್ತಿ, ನಾರಗಸೆ (ಲಿನನ್) ಬಟ್ಟೆ ಗಟ್ಟಿ ಇದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಮೃದು ಸೋಪು ಹಾಕಿ ನೆನೆಸಿ. ಹಳದಿ ಬಿಡಿಸಲು ಕ್ಲೋರಿನ್ ಬ್ಲೀಚ್ ಬೇಡ, ಆಕ್ಸಿಜನ್ ಬ್ಲೀಚ್ ಸಾಕು. ಒದ್ದೆ ಲೇಸನ್ನು ಹಾಗೇ ಎತ್ತಬೇಡಿ. ನೀರಿನ ಭಾರಕ್ಕೇ ಎಳೆ ಕಡಿಯುತ್ತದೆ, ಕೆಳಗೆ ಒಂದು ಟವೆಲ್ ಕೊಟ್ಟು ಎತ್ತಿ. ರೇಷ್ಮೆ ಬೇರೆ ವಿಷಯ. ಒಂದು ಕಾಲದಲ್ಲಿ ರೇಷ್ಮೆಗೆ ತೂಕ ಬರಲಿ ಅಂತ ಲೋಹದ ಲವಣ ಸೇರಿಸುತ್ತಿದ್ದರು. ಅಂಥದ್ದು ತಾನಾಗಿ ಸೀಳುತ್ತದೆ, ಅದನ್ನು ಸರಿ ಮಾಡಲು ಆಗಲ್ಲ.

ಹಳೇ ದೀಪ ಹಾಗೇ ಹಚ್ಚಬಹುದಾ?

ವೈರು, ಪ್ಲಗ್, ಹೋಲ್ಡರ್ ಮೂರನ್ನೂ ಎಲೆಕ್ಟ್ರಿಷಿಯನ್ ಹತ್ತಿರ ಹೊಸದು ಹಾಕಿಸಿದ ಮೇಲೆ ಹಚ್ಚಿ. ಬಟ್ಟೆ ಸುತ್ತಿದ ಹಳೇ ವೈರು ನೋಡಲು ಚೆಂದ. ಆದರೆ ಒಳಗಿನ ರಬ್ಬರು ಒಣಗಿ ಉದುರಿರುತ್ತದೆ.

ಮಗುವಿಗೆ ಹಳೇ ಕಟಕಟೆ ಮಂಚ ಕೊಳ್ಳಬೇಕು ಅಂತ ಆಸೆ…

ಆಸೆ ಅರ್ಥವಾಗುತ್ತದೆ, ಆದರೂ ಮಗು ಮಲಗಲು ಬೇಡ ಅಂತಲೇ ಹೇಳುತ್ತೇನೆ. ಕಂಬಿಗಳ ನಡುವೆ ಸುಮಾರು 6 ಸೆಂ.ಮೀ.ಗಿಂತ ಜಾಸ್ತಿ ಜಾಗ ಇದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಒಂದು ಬದಿ ಕೆಳಗೆ ಜಾರುವ ಮಂಚಗಳ ಮಾರಾಟವನ್ನು ಅಮೆರಿಕ 2011ರಲ್ಲಿ ನಿಲ್ಲಿಸಿತು, ಮಕ್ಕಳು ಸಿಕ್ಕಿಕೊಂಡು ಸತ್ತಿದ್ದರಿಂದ. ಹಳೇ ಬಣ್ಣದಲ್ಲಿ ಸೀಸ ಇರಬಹುದು ಅನ್ನುವ ಭಯ ಬೇರೆ. ಹಳೇ ಮಂಚದ ಪಕ್ಕದ ಕಟಕಟೆಯನ್ನು ಗೋಡೆಗೆ ಹಾಕಿ ಬಟ್ಟೆ ನೇತುಹಾಕಲು ಬಳಸಿದವರ ಮನೆ ನೋಡಿದ್ದೇನೆ. ಚೆನ್ನಾಗಿತ್ತು.

## ಮನೆಗೆ ತಂದ ಮೇಲೆ

ಹಳೇ ಬಣ್ಣದಲ್ಲಿ ಸೀಸ ಇರುತ್ತೆ ಅಂತಾರೆ. ಅಷ್ಟೊಂದು ಹೆದರಬೇಕಾ?

ಹೆದರುವುದು ಬೇಡ, ಹುಷಾರಾಗಿರಬೇಕು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಎಷ್ಟೋ ದೇಶಗಳಲ್ಲಿ ಇನ್ನೂ ತಡವಾಗಿ ಆಯಿತು. ಈ ಶೈಲಿಯ ತಿರುಳೇ ಉದುರುತ್ತಿರುವ ಹಳೆಯ ಬಣ್ಣ. ಹಾಗಾಗಿ ಈ ಮಾತು ನಮಗೆ ಬೇರೆಯವರಿಗಿಂತ ಜಾಸ್ತಿ ಅನ್ವಯಿಸುತ್ತದೆ. ಗಟ್ಟಿಯಾಗಿ ಕೂತ ಬಣ್ಣದಿಂದ ತೊಂದರೆ ಕಡಿಮೆ. ಉದುರಿದ ಚೂರು ಮತ್ತು ಪುಡಿ ಹೊಟ್ಟೆಗೆ, ಉಸಿರಿಗೆ ಹೋಗುವುದೇ ಅಪಾಯ. ಪುಟ್ಟ ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಪೆಟ್ಟು ಕೊಡುತ್ತದೆ, ಆ ಪೆಟ್ಟು ವಾಸಿಯಾಗುವುದಿಲ್ಲ.

ಸೀಸದ ಬಣ್ಣ ಇರಬಹುದು ಅನ್ನಿಸಿದರೆ ಒಣಗಿದ್ದಾಗ ಉಜ್ಜಬೇಡಿ. ಬಿಸಿಗಾಳಿಯ ಗನ್ನು ಹಿಡಿದು ಕೀಳಬೇಡಿ. ಬಣ್ಣಕ್ಕೆ ಒರೆಸಿ ನೋಡುವ ಪರೀಕ್ಷಾ ಕಡ್ಡಿಗಳು ಸಿಗುತ್ತವೆ, ಖಚಿತ ಬೇಕಿದ್ದರೆ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕೊಡಬಹುದು. ಸಡಿಲ ಚೂರುಗಳನ್ನು ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ತೆಗೆದು, ಒಣಗಿದ ಮೇಲೆ ಬಣ್ಣವಿಲ್ಲದ ವಾರ್ನಿಷ್ ಎರಡು ಕೈ ಹೊಡೆದರೆ ಹಳೆಯ ನೋಟ ಉಳಿಯುತ್ತದೆ, ಪುಡಿ ಉದುರುವುದೂ ನಿಲ್ಲುತ್ತದೆ. ಸಣ್ಣ ಮಕ್ಕಳು ಕಚ್ಚುವ ಎತ್ತರದಲ್ಲಿ ಮಾತ್ರ ಅಂಥ ಸಾಮಾನು ಇಡಲೇಬೇಡಿ.

ಡ್ರಾಯರ್ ತೆಗೆದರೆ ಮುಗ್ಗು ವಾಸನೆ. ಏನು ಮಾಡಿದರೂ ಹೋಗಲ್ಲ!

ಡ್ರಾಯರುಗಳನ್ನು ಹೊರಗೆ ತೆಗೆದು, ನೆರಳಿನಲ್ಲಿ ಗಾಳಿ ಆಡುವ ಕಡೆ ಒಂದು ವಾರ ಇಡಿ. ಒಳಗೆ ಅಡುಗೆ ಸೋಡಾ ಅಥವಾ ಇದ್ದಿಲು ಬಟ್ಟಲಿನಲ್ಲಿ ಇಡಿ. ಇಷ್ಟಕ್ಕೂ ಹೋಗದಿದ್ದರೆ ಒಳಭಾಗಕ್ಕೆ ಅರಗಿನ ಪಾಲಿಶ್ ಒಂದು ಕೈ ಕೊಡಿ. ವಾಸನೆಯನ್ನು ಮರದೊಳಗೇ ಕಟ್ಟಿಹಾಕಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕಪ್ಪಗಿರುವ ಮರಕ್ಕೆ ಚಾಕ್ ಪೇಂಟ್ ಹೊಡೆದು ಬೆಳ್ಳಗೆ ಮಾಡಲಾ?

ಮೊದಲು ನೋಡಿ, ಆಮೇಲೆ ಹೊಡೆಯಿರಿ. ಒಣಗಿದ ಮೇಲೆ ಸೀಮೆಸುಣ್ಣದ ಹಾಗೆ ಹೊಳಪಿಲ್ಲದೆ ಕಾಣುವ ಈ ಚಾಕ್ ಪೇಂಟನ್ನು 1990ರಲ್ಲಿ ತಯಾರಿಸಿದ್ದು ಬ್ರಿಟನ್ನಿನ ಆ್ಯನಿ ಸ್ಲೋನ್. ಮರವನ್ನು ಉಜ್ಜದೆ, ಪ್ರೈಮರ್ ಇಲ್ಲದೆ ನೇರ ಹಚ್ಚಬಹುದು ಅನ್ನುವುದೇ ಅದರ ಹೆಸರುವಾಸಿ ಗುಣ. ಒಣಗಿದ ಮೇಲೆ ಮೇಣ ತಿಕ್ಕಬೇಕು. ಆ ಮೇಣ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು, ಅಷ್ಟರಲ್ಲಿ ಭಾರದ್ದು, ಬಿಸಿಯದ್ದು ಇಡಬೇಡಿ.

ಆದರೆ ಮೂಲ ಪಾಲಿಶ್ ಚೆನ್ನಾಗಿ ಉಳಿದಿರುವ, ಒಳ್ಳೆಯ ಎಳೆ ಇರುವ ಹಳೇ ಮರಕ್ಕೆ ಬಣ್ಣ ಹೊಡೆದರೆ ನನಗೆ ಸಂಕಟವಾಗುತ್ತದೆ. ಎಳೆಯೊಳಗೆ ಇಳಿದ ಬಿಳಿ ಬಣ್ಣವನ್ನು ಆಮೇಲೆ ಪೂರ್ತಿ ತೆಗೆಯಲು ಆಗುವುದಿಲ್ಲ. ಈಗಾಗಲೇ ಬಣ್ಣ ಹೊಡೆದಿರುವುದು, ಬೇರೆ ಬೇರೆ ಮರ ಸೇರಿಸಿ ರಿಪೇರಿ ಮಾಡಿರುವುದು, ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಕಿತ್ತುಹೋಗಿರುವುದು, ಇಂಥವನ್ನು ಆರಿಸಿ. ಅವಕ್ಕೆ ಬಣ್ಣದಿಂದ ಜೀವ ಬರುತ್ತದೆ.

ಒಂದೊಂದೂ ಚೆನ್ನಾಗಿದೆ. ಎಲ್ಲಾ ಸೇರಿದರೆ ಮನೆ ಗೋಡೌನ್ ಥರ ಕಾಣುತ್ತೆ, ಯಾಕೆ?

ಎಲ್ಲವೂ ಸವೆದಿದ್ದರೆ ಯಾವುದೂ ಕಾಣುವುದಿಲ್ಲ. ಸವೆದ ಮೇಜಿನ ಪಕ್ಕ ನೇರ ಗೆರೆಯ ಹೊಸ ಕುರ್ಚಿ ಇಟ್ಟು ನೋಡಿ, ಮೇಜು ಎದ್ದು ಕಾಣುತ್ತದೆ. ಗೋಡೆ ಸಾದಾ ಇರಲಿ. ಬಣ್ಣ ಮೂರಕ್ಕೆ ನಿಲ್ಲಿಸಿ. ನಾನು ಹೊಸದೊಂದು ತಂದಾಗ ಇರುವುದರಲ್ಲಿ ಒಂದನ್ನು ಕೊಟ್ಟುಬಿಡುತ್ತೇನೆ. ಹಾಗೆ ಮಾಡುವಾಗ ಕಷ್ಟ ಆಗುತ್ತದೆ, ಆದರೆ ಕೋಣೆಗೆ ಉಸಿರಾಡಲು ಜಾಗ ಸಿಗುತ್ತದೆ.

## ಕಣ್ಣು ಪಳಗಿದವರಿಗೆ

ಕಪಾಟಿನ ಮೇಲಿನ ಭಾಗ ಒಂದು ಕಾಲದ್ದು, ಕೆಳಗಿನದು ಬೇರೆ ಅಂತ ಅನುಮಾನ. ಹೇಗೆ ಖಚಿತ ಮಾಡಿಕೊಳ್ಳಲಿ?

ಇಂಥ ಜೋಡಿಗೆ ವ್ಯಾಪಾರದಲ್ಲಿ "ಮ್ಯಾರೇಜ್" ಅಂತಲೇ ಹೆಸರು. ಹಿಂದೆ ಹೋಗಿ ನಿಲ್ಲಿ. ಎರಡರ ಹಿಂದಿನ ಹಲಗೆಗಳೂ ಒಂದೇ ಮರ, ಒಂದೇ ಅಗಲ, ಒಂದೇ ರೀತಿ ಕಪ್ಪಾಗಿದ್ದರೆ ಒಳ್ಳೆಯದು. ಬದಿಯ ಮರದ ಎಳೆ ನೋಡಿ. ಮೇಲಿನ ಮತ್ತು ಕೆಳಗಿನ ಡ್ರಾಯರುಗಳ ಹೆಣಿಗೆ ಒಂದೇ ಕೈಯದಾ ನೋಡಿ. ಆಮೇಲೆ ಮೇಲಿನ ಭಾಗವನ್ನು ಎತ್ತಿಸಿ. ಕೆಳಗಿನದರ ಮೇಲ್ಭಾಗ ಮುಚ್ಚಿಹೋಗುವ ಜಾಗದಲ್ಲೂ ಚೆನ್ನಾಗಿ ಪಾಲಿಶ್ ಆಗಿದ್ದರೆ ಅನುಮಾನ ಪಡಿ. ಯಾರ ಕಣ್ಣಿಗೂ ಬೀಳದ ಕಡೆ ಬಡಗಿ ಯಾಕೆ ಪಾಲಿಶ್ ಖರ್ಚು ಮಾಡುತ್ತಾನೆ? ಜೋಡಿ ಚೆನ್ನಾಗಿ ಹೊಂದಿದ್ದರೆ ಬಳಸಲು ಏನೂ ತೊಂದರೆ ಇಲ್ಲ. ಬೆಲೆ ಕಡಿಮೆ ಇರಬೇಕು, ಅಷ್ಟೇ.

ತಳದಲ್ಲಿರುವ ಗುರುತು ಓದಿ ಕಾಲ ಹೇಳಬಹುದಾ?

ಸ್ವಲ್ಪ ಮಟ್ಟಿಗೆ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ನಿಯಮ ಬಂದದ್ದು 1891ರಲ್ಲಿ. ಹಾಗಾಗಿ ದೇಶದ ಹೆಸರಿರುವ ಪಿಂಗಾಣಿ ಬಹುತೇಕ ಆಮೇಲಿನದು. "ಆಕ್ಯುಪೈಡ್ ಜಪಾನ್" ಅಂತ ಇದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರ ಒಳಗೆ ಮಾಡಿದ್ದು. "ವೆಸ್ಟ್ ಜರ್ಮನಿ" ಇದ್ದರೆ 1949ರಿಂದ 1990ರ ನಡುವಿನದು. ಗಾಜಿಗೆ ಇನ್ನೊಂದು ಉಪಾಯ ಇದೆ. ಹಳದಿ ಹಸಿರು ಗಾಜಿನ ಮೇಲೆ ಯುವಿ (ನೇರಳಾತೀತ ಬೆಳಕಿನ) ಟಾರ್ಚು ಬಿಟ್ಟಾಗ ಕಣ್ಣು ಕುಕ್ಕುವ ಹಸಿರಾಗಿ ಹೊಳೆದರೆ ಅದರಲ್ಲಿ ಯುರೇನಿಯಂ ಇದೆ. ಕಪಾಟಿನಲ್ಲಿಟ್ಟು ನೋಡಲು ತೊಂದರೆ ಇಲ್ಲ. ಗುರುತನ್ನೂ ನಕಲು ಮಾಡುತ್ತಾರೆ ಅನ್ನುವುದು ನೆನಪಿರಲಿ. ಗುರುತು, ತಳದ ಸವೆತ, ತೂಕ ಮೂರೂ ಒಂದೇ ಮಾತು ಹೇಳಬೇಕು.

ಮರದ ಮೇಲಿರುವುದು ಯಾವ ಪಾಲಿಶ್ ಅಂತ ತಿಳಿಯದೆ ಕೈ ಹಾಕಲು ಭಯ.

ಆ ಭಯ ಒಳ್ಳೆಯದೇ. ಹಿಂಭಾಗದಲ್ಲಿ, ಕಾಣದ ಕಡೆ ಪರೀಕ್ಷೆ ಮಾಡಿ. ಹತ್ತಿಗೆ ಸ್ಪಿರಿಟ್ ಹಚ್ಚಿ ಮೆಲ್ಲಗೆ ಒತ್ತಿ. ಮೇಲ್ಮೈ ಜಿಗುಟಾಗಿ ಕರಗಿದರೆ ಅರಗಿನ ಪಾಲಿಶ್. ಕರಗದಿದ್ದರೆ ಲ್ಯಾಕರ್ ಥಿನ್ನರ್ ಹಚ್ಚಿ. ಅದಕ್ಕೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಷ್ ಅಥವಾ ಪಾಲಿಯುರೆಥೇನ್. ಅರಗಿನ ಪಾಲಿಶ್ ಸಿಕ್ಕರೆ ನಿಮ್ಮ ಅದೃಷ್ಟ. ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಅದರಲ್ಲೇ ಬೆರೆಯುತ್ತದೆ, ಕೀಳುವ ಕೆಲಸವೇ ಇಲ್ಲ.

ನನಗೆ ಬೇಕಾದ್ದನ್ನು ಅಂಗಡಿಯವರೇ ಹುಡುಕಿಕೊಡುತ್ತಾರಾ?

ಹೌದು, ಕೇಳಬೇಕು ಅಷ್ಟೇ. ಬೇಕಾದ ವಸ್ತು, ಅತಿ ಹೆಚ್ಚಿನ ಅಗಲ, ಒಪ್ಪುವ ಬಣ್ಣ, ಕೊಡಬಹುದಾದ ಬೆಲೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಫೋನ್ ಬಂದಾಗ ಬೇಗ ಹೌದು ಅಥವಾ ಬೇಡ ಹೇಳಿ. ಬೇಡ ಅಂದರೆ ಅವರು ಬೇಸರ ಪಡುವುದಿಲ್ಲ, ಹೇಳದೆ ಕಾಯಿಸಿದರೆ ಪಡುತ್ತಾರೆ. ನನ್ನ ಬರೆಯುವ ಮೇಜು ಹೀಗೇ ಬಂದದ್ದು. ಚೀಟಿ ಕೊಟ್ಟ ಹದಿನಾಲ್ಕು ತಿಂಗಳ ಮೇಲೆ ಒಂದು ಸಂಜೆ ಫೋನ್ ಬಂತು, "ನಿಮ್ಮ ಮೇಜು ಸಿಕ್ಕಿದೆ, ಹಿಂದಿನ ಹಲಗೆ ಸರಿಸಿ ನೋಡಿದ್ದೇನೆ, ಒಣಗಿದೆ" ಅಂತ.